ಹೆಸರು ಕೇಳಿದ ರಾಜ




*ಇಂದಿನ ಚಿಂತನೆ: ಮೊದಲ ಶೀಲ*

"ಭಯೋತ್ಪಾದಕನನ್ನು ಪೊಲೀಸರು ಗುಂಡಿಟ್ಟು ಕೊಂದರೆ ಅಲ್ಲಿ ಶೀಲದ ಮಾತೇಕೆ ಅಣ್ಣಾ?" ಎಂದು ನಮ್ಮ ಬಳಗದ ತಮ್ಮನೊಬ್ಬ ಕೇಳಿದ. ಹಾರಿಕೆಯ ಉತ್ತರ ಕೊಡುವ ಪ್ರಶ್ನೆಯಲ್ಲ ಇದು. ಲಂಡನ್ನಿನ ಒಂದು ಘಟನೆ ಹೇಳುತ್ತೇನೆ.

2005ರ ಜುಲೈ 7ರಂದು ಅಲ್ಲಿನ ರೈಲು, ಬಸ್ಸುಗಳಲ್ಲಿ ಬಾಂಬ್ ಸಿಡಿದು 52 ಜನ ಸತ್ತರು. ಜುಲೈ 21ರಂದು ಮತ್ತೆ ಬಾಂಬ್ ಇಟ್ಟರು, ಅವು ಸಿಡಿಯಲಿಲ್ಲ. ಇಟ್ಟವರು ತಪ್ಪಿಸಿಕೊಂಡರು. ಆ ಊರಿನ ಭಯ ಸುಳ್ಳಲ್ಲ, ಪೊಲೀಸರ ಭಯವೂ ಸುಳ್ಳಲ್ಲ.

ಮರುದಿನ ಬೆಳಿಗ್ಗೆ ಜೀನ್ ಚಾರ್ಲ್ಸ್ ಡಿ ಮೆನೆಜೆಸ್ ಎಂಬ 27 ವರ್ಷದ ಎಲೆಕ್ಟ್ರಿಷಿಯನ್ ಕೆಲಸಕ್ಕೆ ಹೊರಟ. ಬ್ರೆಜಿಲ್‌ನ ಗೊನ್ಜಾಗಾ ಎಂಬ ಸಣ್ಣ ಊರಿನವನು, ಗಾರೆ ಕೆಲಸದವರ ಮಗ. ಶಂಕಿತನೊಬ್ಬನ ವಿಳಾಸವೂ ಇವನ ಮನೆಯೂ ಒಂದೇ ಕಟ್ಟಡದಲ್ಲಿದ್ದವು, ಹೊರಬಾಗಿಲೂ ಒಂದೇ. ಅಷ್ಟು ಸಾಕಾಯಿತು! ಯಾವ ಕೇರಿಯಿಂದ ಬಂದ ಎಂಬುದರ ಮೇಲೆ ಮನುಷ್ಯನನ್ನು ಅಳೆಯುವುದು ನಮಗೇನೂ ಹೊಸದಲ್ಲ, ಬಿಡಿ.

ಇವನು ಅವನೇ ಎಂಬ ಖಾತ್ರಿ ಇಲ್ಲದೆಯೇ ಹಿಂಬಾಲಿಸಿದರು. ಸ್ಟಾಕ್‌ವೆಲ್ ನಿಲ್ದಾಣದಲ್ಲಿ ಬಿಟ್ಟಿ ಪೇಪರ್ ಎತ್ತಿಕೊಂಡು, ತನ್ನ ಕಾರ್ಡ್ ಬಳಸಿ ಒಳಹೋಗಿ ರೈಲಿನಲ್ಲಿ ಕೂತ. ಸಾದಾ ಉಡುಪಿನ ಅಧಿಕಾರಿಯೊಬ್ಬ ಅವನ ಎರಡೂ ಕೈ ಸೇರಿಸಿ ತಬ್ಬಿ ಸೀಟಿಗೆ ಒತ್ತಿ ಹಿಡಿದ. ಆಗ ತಲೆಗೆ ಏಳು ಗುಂಡು, ಭುಜಕ್ಕೆ ಒಂದು. ಹಿಡಿದುಕೊಂಡಿದ್ದ ಅಧಿಕಾರಿಯನ್ನೂ ಎಳೆದುಹಾಕಿ ಬಂದೂಕು ಗುರಿಯಿಟ್ಟರು. ಹೆದರಿ ಸುರಂಗದೊಳಗೆ ಓಡಿದ ರೈಲು ಚಾಲಕನ ಹಿಂದೆಯೂ ಬಂದೂಕು ಹೋಯಿತು.

ದಪ್ಪ ಕೋಟು ಹಾಕಿದ್ದ, ಗೇಟು ಹಾರಿದ ಎಂದು ಸುದ್ದಿ ಹಬ್ಬಿತು. ಎರಡೂ ಸುಳ್ಳು. 2007ರಲ್ಲಿ ಸುರಕ್ಷತಾ ಕಾನೂನಿನಡಿ ಲಂಡನ್ ಪೊಲೀಸ್ ಇಲಾಖೆಗೆ 1,75,000 ಪೌಂಡ್ ದಂಡವಾಯಿತು. ಯಾವ ಅಧಿಕಾರಿಯ ಮೇಲೂ ಮೊಕದ್ದಮೆ ಹೂಡಲಿಲ್ಲ.

ಈಗ ಬಾಬಾಸಾಹೇಬರ ಮಾತಿಗೆ ಬರೋಣ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅವರು ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದು ಬಿಡಿಸಿ ತೋರಿಸುತ್ತಾರೆ. ಅಹಿಂಸೆ ಒಂದು ತತ್ವ, ನಿಯಮವಲ್ಲ. ನಿಯಮ ಯೋಚಿಸಲು ಬಿಡುವುದಿಲ್ಲ, ತತ್ವ ಯೋಚಿಸಲು ಹಚ್ಚುತ್ತದೆ. ಹಾಗಾಗಿ ಬಾಂಬ್ ಸಿಡಿಸಲು ಹೊರಟವನನ್ನು ತಡೆಯಲು ಗುಂಡು ಹಾರಿಸಿದ ಪೊಲೀಸನನ್ನು ನಾನು ಪಾಪಿ ಎನ್ನಲಾರೆ. ಆದರೆ ಸ್ಟಾಕ್‌ವೆಲ್‌ನಲ್ಲಿ ಅಗತ್ಯವೂ ಇರಲಿಲ್ಲ, ದ್ವೇಷದ ಇಚ್ಛೆಯೂ ಇದ್ದಂತಿಲ್ಲ. ಆತ್ಮಾಹುತಿ ಬಾಂಬರ್ ಎನಿಸಿದರೆ ತಲೆಗೆ ಹೊಡೆ ಎಂಬ ನಿಯಮ ಮೊದಲೇ ಸಿದ್ಧವಿತ್ತು. ನೋಡುವ ಕೆಲಸ ಮಾತ್ರ ಬಾಕಿ ಉಳಿಯಿತು.

ಅಂಗುಲಿಮಾಲನನ್ನು ಹಿಡಿಯಲು ಪಸೇನದಿ ರಾಜ 500 ಸವಾರರೊಂದಿಗೆ ಹೊರಟಿದ್ದ. ದಾರಿಯಲ್ಲಿ ಬುದ್ಧರ ಬಳಿ ಬಂದಾಗ ಅವರು ಪಕ್ಕದ ಭಿಕ್ಖುವನ್ನು ತೋರಿಸಿ ಇವನೇ ಅಂಗುಲಿಮಾಲ ಎಂದರು. ರಾಜನ ಮೈ ರೋಮ ನಿಂತಿತು. ಆದರೂ ಹತ್ತಿರ ಹೋಗಿ ನೀನು ಅಂಗುಲಿಮಾಲನೇ, ನಿನ್ನ ತಂದೆ ಯಾವ ಗೋತ್ರ, ತಾಯಿ ಯಾವ ಗೋತ್ರ ಎಂದು ಕೇಳಿದ. ಅವನು ನಿಜಕ್ಕೂ ಬಹಳ ಜನರನ್ನು ಕೊಂದವನು. ಹೌದು, ಬಾಂಬ್ ಅಷ್ಟು ಹೊತ್ತು ಕಾಯುವುದಿಲ್ಲ, ಆ ಆಕ್ಷೇಪ ಸರಿಯೇ. ಆದರೆ ಆ ಹುಡುಗ ಮನೆಯಿಂದ ಬಸ್ಸಿನಲ್ಲಿ ಅಷ್ಟು ದೂರ ಬಂದಿದ್ದ. ದಾರಿಯಲ್ಲಿ ತಡೆದು ಹೆಸರು ಕೇಳಲು ಸಮಯವಿತ್ತು.

ನಮ್ಮ ಸುಪ್ರೀಂ ಕೋರ್ಟ್ 2014ರಲ್ಲಿ ಎನ್‌ಕೌಂಟರ್ ಸಾವುಗಳಿಗೆ ಎಫ್‌ಐಆರ್, ಸ್ವತಂತ್ರ ತನಿಖೆ ಕಡ್ಡಾಯ ಮಾಡಿತು. ಘಟನೆಯ ಬೆನ್ನಿಗೇ ಬಡ್ತಿ, ಶೌರ್ಯ ಪದಕ ಕೊಡಬಾರದು ಎಂದೂ ಹೇಳಿತು. ಕೊಲ್ಲುವ ಇಚ್ಛೆ ಎಲ್ಲಿ ಹುಟ್ಟುತ್ತದೆ ಎಂಬುದು ನ್ಯಾಯಮೂರ್ತಿಗಳಿಗೆ ಗೊತ್ತಿತ್ತು.

ಭಾನುವಾರ ವಂದನೆಯ ನಂತರ ಬಾಬಾಸಾಹೇಬರ ಗ್ರಂಥದ ಅಹಿಂಸೆಯ ಭಾಗ ಓದೋಣ. ಪುಸ್ತಕ ಇರುವವರು ತನ್ನಿ.