ಯಾರಿಗೂ ಕೇಳದ ಮಾತು ಕೇಳಿಸಿದಾಗ: ಆರೋಗ್ಯ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟರೇ, ನನ್ನ ಮಗ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದಾನೆ. ಆ ದೇಶದಲ್ಲಿ ಕಪ್ಪು ಜನರಿಗೆ, ಹೊರಗಿನಿಂದ ಹೋಗಿ ನೆಲೆಸಿದವರಿಗೆ ಸ್ಕಿಜೋಫ್ರೀನಿಯಾ ಹೆಚ್ಚು ಬರುತ್ತದೆ ಎಂದು ಓದಿದಾಗಿನಿಂದ ಸರಿಯಾಗಿ ನಿದ್ದೆಯಿಲ್ಲ. ಇದು ಜನಾಂಗದ ರಕ್ತದಲ್ಲೇ ಇರುವ ದೋಷವೇ? ನಮ್ಮವರಿಗೂ ಬರುತ್ತದೆಯೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಮ್ಮ, ಅಂಕಿ ಅಂಶ ನಿಜ. ಆದರೆ ಅದು ರಕ್ತದ ದೋಷವಲ್ಲ.

1997ರಿಂದ 1999ರವರೆಗೆ ಆಗ್ನೇಯ ಲಂಡನ್, ಬ್ರಿಸ್ಟಲ್ ಮತ್ತು ನಿಮ್ಮ ಮಗ ಇರುವ ನಾಟಿಂಗ್‌ಹ್ಯಾಮ್‌ನಲ್ಲಿ ‘ಈಸೋಪ್’ ಹೆಸರಿನ ದೊಡ್ಡ ಅಧ್ಯಯನ ನಡೆಯಿತು. ಮೊದಲ ಬಾರಿಗೆ ಸೈಕೋಸಿಸ್ ಕಾಣಿಸಿಕೊಂಡು ಚಿಕಿತ್ಸೆಗೆ ಬಂದವರನ್ನೆಲ್ಲ ಅಲ್ಲಿ ಲೆಕ್ಕ ಹಾಕಿದರು. ಇಲ್ಲದ ಮಾತು ಕೇಳಿಸುವುದು, ಯಾರೋ ತನ್ನ ಮೇಲೆ ಸಂಚು ಮಾಡುತ್ತಿದ್ದಾರೆಂದು ಗಟ್ಟಿಯಾಗಿ ನಂಬಿಬಿಡುವುದು, ಇಂಥ ಸ್ಥಿತಿಗಳೆಲ್ಲ ಸೈಕೋಸಿಸ್ಸಿಗೆ ಸೇರುತ್ತವೆ. ಸ್ಕಿಜೋಫ್ರೀನಿಯಾ ಅದರಲ್ಲಿ ಒಂದು. ಬಿಳಿಯ ಬ್ರಿಟಿಷರಿಗೆ ಹೋಲಿಸಿದರೆ ಸ್ಕಿಜೋಫ್ರೀನಿಯಾ ಹೊಸದಾಗಿ ಬಂದವರ ಪ್ರಮಾಣ ಕೆರಿಬಿಯನ್ ಮೂಲದ ಕಪ್ಪು ಜನರಲ್ಲಿ ಸುಮಾರು 9 ಪಟ್ಟು, ಆಫ್ರಿಕಾ ಮೂಲದವರಲ್ಲಿ ಸುಮಾರು 6 ಪಟ್ಟು ಇತ್ತು. ಬಿಳಿಯ ಡಾಕ್ಟರುಗಳು ಕಪ್ಪು ರೋಗಿಗಳನ್ನು ತಪ್ಪಾಗಿ ಅರ್ಥ ಮಾಡಿಕೊಂಡು ಈ ಹೆಸರು ಹಚ್ಚಿರಬಹುದೆಂಬ ಸಂಶಯ ಅಲ್ಲಿಯವರಿಗೂ ಇತ್ತು. ಅದಕ್ಕೇ ರೋಗಿಯ ಜನಾಂಗ ಯಾವುದೆಂದು ತಿಳಿಸದೆ ವಿವರಗಳನ್ನು ತಜ್ಞರ ಮುಂದಿಟ್ಟು ರೋಗ ನಿರ್ಧರಿಸಿದರು. ವ್ಯತ್ಯಾಸ ಹಾಗೆಯೇ ಉಳಿಯಿತು.

ಕಾಯಿಲೆ ರಕ್ತದಲ್ಲಿದ್ದರೆ ಜಮೈಕಾದಲ್ಲಿ ಉಳಿದವರಿಗೂ ಅಷ್ಟೇ ಬರಬೇಕಿತ್ತಲ್ಲವೇ? ಬರಲಿಲ್ಲ. 1990ರ ದಶಕದಲ್ಲಿ ಜಮೈಕಾ, ಟ್ರಿನಿಡಾಡ್, ಬಾರ್ಬಡೋಸ್‌ಗಳಲ್ಲಿ ಎಣಿಸಿ ನೋಡಿದಾಗ ಕಂಡ ಪ್ರಮಾಣ, ಇಂಗ್ಲೆಂಡಿನಲ್ಲಿದ್ದ ಅವರದೇ ಬಂಧುಬಳಗದವರಲ್ಲಿ ಕಂಡದ್ದಕ್ಕಿಂತ ಬಹಳ ಕಡಿಮೆ. ವಲಸೆ ಹೋಗುವವರೇ ಮೊದಲಿನಿಂದ ದುರ್ಬಲ ಮನಸ್ಸಿನವರು ಎಂಬ ವಾದವೂ ಹಳೆಯದು. 1932ರಲ್ಲಿ ಊಡೆಗೋರ್ ಎಂಬ ನಾರ್ವೆಯ ಮನೋವೈದ್ಯ, ಅಮೆರಿಕದ ಮಿನೆಸೋಟಾಕ್ಕೆ ಹೋದ ನಾರ್ವೆಯವರಲ್ಲಿ ಸ್ಕಿಜೋಫ್ರೀನಿಯಾ ಹೆಚ್ಚಿರುವುದನ್ನು ಗುರುತಿಸಿ ಇದೇ ಕಾರಣ ಕೊಟ್ಟಿದ್ದ. (ಅವರು ಬಿಳಿಯರೇ ಎಂಬುದನ್ನು ಗಮನಿಸಿ.) ಆದರೆ ಹಲವು ದೇಶಗಳ ಅಧ್ಯಯನಗಳನ್ನು 2005ರಲ್ಲಿ ಒಟ್ಟುಗೂಡಿಸಿ ನೋಡಿದಾಗ ವಲಸೆ ಹೋದವರಲ್ಲಿ ಅಪಾಯ 2.7 ಪಟ್ಟು, ಅಲ್ಲೇ ಹುಟ್ಟಿದ ಅವರ ಮಕ್ಕಳಲ್ಲಿ 4.5 ಪಟ್ಟು ಕಂಡಿತು. ವಿಮಾನ ಹತ್ತದ ಮಕ್ಕಳಿಗೇ ಹೆಚ್ಚು ಬಂದಿದೆಯೆಂದರೆ ಊಡೆಗೋರನ ವಾದ ಸಾಲದು.

ಹಾಗಾದರೆ ಏನು ಕಾರಣ? ನನ್ನ ಮಟ್ಟಿಗೆ ಅತಿ ಮುಖ್ಯವಾದ ಸುಳಿವು ದಕ್ಷಿಣ ಲಂಡನ್ನಿನಿಂದ 2001ರಲ್ಲಿ ಬಂತು. ತಮ್ಮವರು ಹೆಚ್ಚಾಗಿರುವ ಬಡಾವಣೆಗಳಲ್ಲಿ ಅಲ್ಪಸಂಖ್ಯಾತರಿಗೆ ಈ ಕಾಯಿಲೆ ಕಡಿಮೆ, ಅಕ್ಕಪಕ್ಕದಲ್ಲಿ ತಮ್ಮವರಿಲ್ಲದ ಕಡೆ ಹೆಚ್ಚು. ದಿನವೂ ಅವಮಾನ, ಕೆಲಸದಲ್ಲಿ ತಾರತಮ್ಯ, ಪೊಲೀಸರ ಅನುಮಾನದ ಕಣ್ಣು, ಚಿಕ್ಕಂದಿನಲ್ಲೇ ತಂದೆಯನ್ನೋ ತಾಯಿಯನ್ನೋ ಬಿಟ್ಟು ಬೆಳೆಯುವುದು, ಇವೆಲ್ಲ ವರ್ಷಗಟ್ಟಲೆ ಮನಸ್ಸನ್ನು ಸವೆಸುತ್ತವೆ. ಲೋಕವೇ ತನ್ನ ವಿರುದ್ಧ ನಿಂತಿದೆ ಎಂದು ಒಬ್ಬನಿಗೆ ಅನ್ನಿಸಲು ಅವನ ಬದುಕಿನಲ್ಲೇ ಎಷ್ಟೋ ನಿಜವಾದ ಕಾರಣಗಳಿರುತ್ತವೆ. ಮನೆತನದಲ್ಲಿ ಕಾಯಿಲೆ ಇದ್ದರೆ ಸಾಧ್ಯತೆ ಹೆಚ್ಚುವುದು ನಿಜ. ಅದು ಎಲ್ಲ ಜನಾಂಗದವರಿಗೂ ಅನ್ವಯಿಸುವ ಮಾತು.

ದಕ್ಷಿಣ ಏಷ್ಯಾದಿಂದ ಹೋದವರಲ್ಲಿ ಏರಿಕೆ ಕೆರಿಬಿಯನ್ನರಷ್ಟಿಲ್ಲ. ಓದಲು ಹೋದ ಹುಡುಗರಲ್ಲಿ ಬಹುಪಾಲು ಮಂದಿಗೆ ಏನೂ ಆಗುವುದಿಲ್ಲ. ವಾರಕ್ಕೊಮ್ಮೆ ಫೋನ್ ಮಾಡಿದಾಗ ‘ಮಾರ್ಕ್ಸ್ ಎಷ್ಟು ಬಂತು’ ಎನ್ನುವ ಮೊದಲು ‘ಯಾರ ಜೊತೆ ಊಟ ಮಾಡಿದೆಯಪ್ಪ’ ಎಂದು ಕೇಳಿ. ನಮ್ಮ ಕಡೆಯ ಹುಡುಗರ ಒಡನಾಟ ಬಿಡಬೇಡ ಎನ್ನಿ. ಗಾಂಜಾ ಮುಟ್ಟಬೇಡ ಎಂದೂ ಸ್ಪಷ್ಟವಾಗಿ ಹೇಳಿ. ಅದು ಯಾರಿಗಾದರೂ ಈ ಅಪಾಯವನ್ನು ಹೆಚ್ಚಿಸುತ್ತದೆ.

ಪ್ರಶ್ನೆ: ಅಪ್ಪ ತೀರಿಕೊಂಡು ಆರು ತಿಂಗಳಾಯಿತು. ಅಡುಗೆಮನೆಯಲ್ಲಿದ್ದಾಗ ಅಪ್ಪ ಹೆಸರು ಹಿಡಿದು ಕರೆಯುವುದು ಕೇಳಿಸುತ್ತದೆ ಎನ್ನುತ್ತಾರೆ ಅಮ್ಮ. ಊಟ, ನಿದ್ದೆ, ಮನೆಗೆಲಸ ಎಲ್ಲ ಸರಿಯಾಗಿದೆ. ಗಾಳಿ ಸೋಕಿದೆ ಎಂದು ದೊಡ್ಡಮ್ಮ, ಮಾತ್ರೆ ಬೇಕು ಎಂದು ಅಣ್ಣ. ಯಾರು ಸರಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಇಬ್ಬರೂ ಅಲ್ಲ. ಬಾಳಸಂಗಾತಿಯನ್ನು ಕಳೆದುಕೊಂಡವರಿಗೆ ಅವರ ದನಿ ಕೇಳಿಸುವುದು ತೀರ ಸಾಮಾನ್ಯ. ನಿಮ್ಮ ಅಮ್ಮನಿಗೆ ಮಾತ್ರೆ ಬೇಕಿಲ್ಲ, ಮಂತ್ರವಾದಿಯೂ ಬೇಡ. ಅಪ್ಪನ ವಿಷಯ ಕೂತು ಮಾತಾಡುವವರು ಬೇಕು.

ದನಿ ಕೇಳಿಸುವುದೊಂದೇ ಕಾಯಿಲೆಯ ಗುರುತಲ್ಲ. 18 ದೇಶಗಳ 31 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ಇಲ್ಲದ್ದು ಕೇಳಿಸುವ, ಕಾಣಿಸುವ ಅಥವಾ ಸಂಚಿನ ನಂಬಿಕೆಯಂಥ ಅನುಭವ ಬದುಕಿನಲ್ಲಿ ಒಮ್ಮೆಯಾದರೂ ಆಗಿದೆ ಎಂದವರು ನೂರಕ್ಕೆ ಸುಮಾರು 6 ಮಂದಿ. ಅವರಲ್ಲಿ ಮೂರನೇ ಒಂದು ಪಾಲಿನವರಿಗೆ ಆದದ್ದು ಒಂದೇ ಒಂದು ಸಲ. ಇದರಲ್ಲೂ ಜನಾಂಗದಿಂದ ಜನಾಂಗಕ್ಕೆ ವ್ಯತ್ಯಾಸವಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1993-94ರಲ್ಲಿ ಕೇಳಿದಾಗ ಬಿಳಿಯರಲ್ಲಿ ಶೇಕಡ 4ರಷ್ಟು ಜನ ಹೌದೆಂದರು, ಕೆರಿಬಿಯನ್ ಮೂಲದವರಲ್ಲಿ ಅದರ ಎರಡೂವರೆ ಪಟ್ಟು, ನಮ್ಮ ಉಪಖಂಡದವರಲ್ಲಿ ಬಿಳಿಯರ ಪ್ರಮಾಣದ ಅರ್ಧ. ಹೌದೆಂದವರಲ್ಲಿ ಸೈಕೋಸಿಸ್ ಇದ್ದವರು ನಾಲ್ಕರಲ್ಲಿ ಒಬ್ಬರು ಮಾತ್ರ. ಅಮೆರಿಕದಲ್ಲೂ 2001ರಿಂದ 2003ರವರೆಗಿನ ಸಮೀಕ್ಷೆಗಳಲ್ಲಿ ಕಪ್ಪು ಜನ, ಲ್ಯಾಟಿನೋ ಜನ ಬಿಳಿಯರಿಗಿಂತ ಹೆಚ್ಚಾಗಿ ಹೌದೆಂದಿದ್ದಾರೆ.

ಕಾಯಿಲೆ ನಿಜವಾಗಿ ಇದ್ದವರಲ್ಲೂ ದನಿಯ ಸ್ವಭಾವ ಊರಿಂದ ಊರಿಗೆ ಬೇರೆ. ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಸ್ಯಾನ್ ಮಟಿಯೋ, ಘಾನಾದ ಆಕ್ರಾ ಮತ್ತು ನಮ್ಮ ಪಕ್ಕದ ಚೆನ್ನೈನಲ್ಲಿ ತಲಾ 20 ರೋಗಿಗಳನ್ನು ಮಾತಾಡಿಸಿದರು. ಅಮೆರಿಕದವರು ಹಿಂಸೆಯ, ಬೆದರಿಕೆಯ ದನಿಗಳ ಬಗ್ಗೆ ಹೇಳಿದರು. ಚೆನ್ನೈನಲ್ಲಿ ಬಹಳ ಮಂದಿಗೆ ಕೇಳುತ್ತಿದ್ದುದು ಮನೆಯವರ ದನಿ. ಅದು ಗದರುತ್ತಿತ್ತು, ಬುದ್ಧಿ ಹೇಳುತ್ತಿತ್ತು, ಮನೆಗೆಲಸ ಮಾಡೆನ್ನುತ್ತಿತ್ತು. ರೋಗಿ ಯಾವ ಮನೆಯಲ್ಲಿ, ಯಾವ ಜನರ ನಡುವೆ ಬೆಳೆದವನೆಂದು ವಿಚಾರಿಸದೆ ಚೀಟಿ ಬರೆಯುವ ಡಾಕ್ಟರು ಅರ್ಧ ಪರೀಕ್ಷೆಯನ್ನಷ್ಟೇ ಮಾಡಿದಂತೆ.

ಪ್ರಶ್ನೆ: ಹಾಗಾದರೆ ಯಾವಾಗ ಗಾಬರಿಯಾಗಬೇಕು?
– ಕಾಲೇಜು ಉಪನ್ಯಾಸಕರು, ಧಾರವಾಡ

ಉತ್ತರ: ದನಿ ಬೈಯತೊಡಗಿದರೆ, ಹೀಗೆ ಮಾಡು ಹಾಗೆ ಮಾಡು ಎಂದು ಅಪ್ಪಣೆ ಕೊಟ್ಟರೆ, ತಿಂಗಳುಗಟ್ಟಲೆ ಬಿಡದೆ ಕಾಡಿದರೆ. ವಿದ್ಯಾರ್ಥಿ ಕ್ಲಾಸಿಗೆ ಬರುವುದು ಬಿಟ್ಟು, ಸ್ನಾನ ಬಿಟ್ಟು, ಕೋಣೆ ಸೇರಿಕೊಂಡು ಒಬ್ಬನೇ ಮಾತಾಡಿಕೊಳ್ಳುತ್ತಿದ್ದರೆ. ಊಟದಲ್ಲಿ ವಿಷ ಹಾಕಿದ್ದಾರೆಂದು ತಟ್ಟೆ ದೂಡಿದರೆ. ಸಾಯುವ ಮಾತು ಬಂದರಂತೂ ಆ ದಿನವೇ ಆಸ್ಪತ್ರೆಗೆ ಹೊರಡಿ.

ಮಾನಸಿಕ ಚಿಕಿತ್ಸೆಗೆ ನಿಮ್ಮ ಊರಿನಲ್ಲೇ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಇಂಗ್ಲೆಂಡಿನಲ್ಲಿರುವವರು ತಮ್ಮ ಜಿ.ಪಿ. ಡಾಕ್ಟರನ್ನು ಕಾಣಬೇಕು, ಇಲ್ಲವೇ 111ಕ್ಕೆ ಕರೆ ಮಾಡಬೇಕು. ಮೊದಲ ಸಲ ಸೈಕೋಸಿಸ್ ಕಾಣಿಸಿಕೊಂಡವರಿಗೆಂದೇ ಅಲ್ಲಿ ಪ್ರತ್ಯೇಕ ತಂಡಗಳಿವೆ. ಪೂಜೆ, ಹರಕೆ ಮಾಡಿಸುವುದಿದ್ದರೆ ಮಾಡಿಸಿ, ನನ್ನ ಅಡ್ಡಿಯಿಲ್ಲ. ಅದು ಮುಗಿಯಲಿ ಎಂದು ಚಿಕಿತ್ಸೆಯನ್ನು ಮಾತ್ರ ಒಂದು ವಾರವೂ ಮುಂದೂಡಬೇಡಿ.