ಹಬ್ಬದ ಸಂಜೆಗೆ ಮನೆಯಲ್ಲೇ ಗ್ಲೇಜ್ಡ್ ಡೋನಟ್

ಚಕ್ಕುಲಿ, ಕೋಡುಬಳೆ, ರವೆ ಉಂಡೆಗಳನ್ನು ಹಬ್ಬಕ್ಕೆ ವಾರವಿರುವಾಗಲೇ ಮಾಡಿ ಡಬ್ಬಿ ತುಂಬಿಡಬಹುದು. ಡೋನಟ್ ಹಾಗಲ್ಲ. ಅದು ಕರಿದ ದಿನವೇ ತಿನ್ನಬೇಕಾದ ತಿಂಡಿ. ಸಕ್ಕರೆಯ ಲೇಪ ಬಿದ್ದ ಮೇಲಿನ ಐದಾರು ತಾಸು ಅದರ ರುಚಿಯ ಹೊತ್ತು. ಆಮೇಲೆ ಒಳಗಿನ ಮೆತುವು ಒಣಗತೊಡಗುತ್ತದೆ, ಮೇಲಿನ ಸಕ್ಕರೆ ಜಿನುಗುತ್ತದೆ. ದೀಪಾವಳಿಗೆ ಊರಿಗೆ ಬರುವ ಮಕ್ಕಳಿಗೋ ಕ್ರಿಸ್‌ಮಸ್ ಸಂಜೆ ಬರುವ ನೆಂಟರಿಗೋ ಡೋನಟ್ ಮಾಡಬೇಕೆಂದರೆ ಮೊದಲು ನೋಡಬೇಕಾದದ್ದು ಗಡಿಯಾರ. ತಿನ್ನುವ ಹೊತ್ತನ್ನು ಗೊತ್ತುಮಾಡಿಕೊಂಡು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಅರ್ಧ ಕೆಲಸ ಹಗುರಾಯಿತು.

ಉಳಿದರ್ಧ ಕೈಯ ಕೆಲಸ. ಅದು ನಮ್ಮ ಅಡುಗೆಮನೆಗೆ ತೀರಾ ಹೊಸದಲ್ಲ. ಬಾದುಷಾ ಮಾಡಿ ಗೊತ್ತಿದ್ದವರಿಗೆ ಮೈದಾ, ಎಣ್ಣೆ, ಸಕ್ಕರೆ ಮೂರರ ಹದವೂ ಗೊತ್ತು. ಆದರೆ ಎರಡು ಕಡೆ ಆ ಅಭ್ಯಾಸವನ್ನು ಬಿಡಬೇಕು. ಬಾದುಷಾದ ಪದರ ಬರುವುದು ತುಪ್ಪದಿಂದ, ಹಾಗಾಗಿ ಹಿಟ್ಟನ್ನು ಹೆಚ್ಚು ನಾದುವುದಿಲ್ಲ. ಡೋನಟ್ ಹಗುರಾಗುವುದು ಯೀಸ್ಟ್‌ನಿಂದ, ಅದು ಹೊರಬಿಡುವ ಗಾಳಿಯನ್ನು ಹಿಡಿದಿಡಲು ಹಿಟ್ಟು ಚೆನ್ನಾಗಿ ನಾದಿರಲೇಬೇಕು. ಬಾದುಷಾ ಸಣ್ಣ ಉರಿಯಲ್ಲಿ ನಿಧಾನವಾಗಿ ಬೇಯುತ್ತದೆ. ಡೋನಟ್ ಎರಡು ನಿಮಿಷದಲ್ಲಿ ಎಣ್ಣೆಯಿಂದ ಹೊರಗೆ ಬರಬೇಕು.

ಬೇಕಾಗುವ ಸಾಮಗ್ರಿ (ಸುಮಾರು 16 ಡೋನಟ್‌ಗೆ)

ಹಿಟ್ಟಿಗೆ:
• ಮೈದಾ – 500 ಗ್ರಾಂ
• ಸಕ್ಕರೆ – 60 ಗ್ರಾಂ
• ಇನ್‌ಸ್ಟಂಟ್ ಡ್ರೈ ಯೀಸ್ಟ್ – 7 ಗ್ರಾಂ (ಎರಡೂ ಕಾಲು ಟೀ ಚಮಚ)
• ಉಪ್ಪು – ಒಂದೂ ಕಾಲು ಟೀ ಚಮಚ
• ಉಗುರುಬೆಚ್ಚಗಿನ ಹಾಲು – 270 ಮಿ.ಲೀ.
• ಗಟ್ಟಿ ಮೊಸರು, ಹುಳಿಯಿಲ್ಲದ್ದು – 2 ದೊಡ್ಡ ಚಮಚ
• ಮೆತ್ತಗಾದ ಬೆಣ್ಣೆ – 60 ಗ್ರಾಂ
• ಏಲಕ್ಕಿ ಪುಡಿ ಅಥವಾ ಜಾಯಿಕಾಯಿ ಪುಡಿ – ಅರ್ಧ ಟೀ ಚಮಚ
• ಕರಿಯಲು ವಾಸನೆಯಿಲ್ಲದ ಎಣ್ಣೆ – 1 ಲೀಟರ್

ಮೊಟ್ಟೆ ತಿನ್ನುವ ಮನೆಯಾದರೆ ಮೊಸರನ್ನು ಬಿಟ್ಟು ಒಂದು ಮೊಟ್ಟೆ ಹಾಕಿ, ಹಾಲನ್ನು 240 ಮಿ.ಲೀ.ಗೆ ಇಳಿಸಿ.

ಲೇಪಕ್ಕೆ:
• ಐಸಿಂಗ್ ಶುಗರ್ – 300 ಗ್ರಾಂ
• ಬಿಸಿ ಹಾಲು – 75 ಮಿ.ಲೀ. (5 ದೊಡ್ಡ ಚಮಚ)
• ಕರಗಿಸಿದ ಬೆಣ್ಣೆ – 1 ದೊಡ್ಡ ಚಮಚ
• ಚಿಟಿಕೆ ಉಪ್ಪು, ಕೆಲವು ಹನಿ ವೆನಿಲ್ಲಾ ಎಸೆನ್ಸ್

ಐಸಿಂಗ್ ಶುಗರ್ ಸಿಗದಿದ್ದರೆ ಸಕ್ಕರೆಯನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ, ಪ್ರತಿ ಕಪ್‌ಗೆ ಒಂದು ಟೀ ಚಮಚ ಕಾರ್ನ್‌ಫ್ಲೋರ್ ಬೆರೆಸಿ, ಸಣ್ಣ ಜರಡಿಯಲ್ಲಿ ಎರಡು ಸಲ ಜರಡಿಯಾಡಿ. ಜರಡಿಯಲ್ಲಿ ಉಳಿದ ಹರಳು ಲೇಪದಲ್ಲಿ ಸೇರಿದರೆ ನಾಲಿಗೆಗೆ ತಟ್ಟದೇ ಇರದು.

ಮೊದಲು ಯೀಸ್ಟ್ ಪರೀಕ್ಷೆ

ಮನೆಯಲ್ಲಿ ಕೆಡುವ ಡೋನಟ್‌ಗಳಲ್ಲಿ ಬಹಳಷ್ಟು ಕೆಡುವುದು ಹಳೆಯ ಯೀಸ್ಟ್‌ನಿಂದ. ಪ್ಯಾಕೆಟ್ ಒಡೆದು ತಿಂಗಳುಗಳಾಗಿದ್ದರೆ ಕಾಲು ಕಪ್ ಬೆಚ್ಚಗಿನ ಹಾಲಿಗೆ ಒಂದು ಚಮಚ ಸಕ್ಕರೆ, ಯೀಸ್ಟ್ ಹಾಕಿ ಹತ್ತು ನಿಮಿಷ ಬಿಡಿ. ಮೇಲೆ ನೊರೆ ಎದ್ದರೆ ಆ ಹಾಲನ್ನೇ ಹಿಟ್ಟಿಗೆ ಬಳಸಿ, ಅಷ್ಟನ್ನು ಒಟ್ಟು ಅಳತೆಯಲ್ಲಿ ಕಳೆಯಿರಿ. ನೊರೆ ಬಾರದಿದ್ದರೆ ಹೊಸ ಪ್ಯಾಕೆಟ್ ತರುವುದೇ ಸರಿ. ಪ್ಯಾಕೆಟ್ ಮೇಲೆ ‘ಆಕ್ಟಿವ್ ಡ್ರೈ’ ಎಂದಿದ್ದರೆ ಈ ನೆನೆಸುವ ಹಂತವನ್ನು ಬಿಡಬೇಡಿ.

ಹಾಲಿನ ಬಿಸಿ 38ರಿಂದ 40 ಡಿಗ್ರಿ ಸೆಲ್ಸಿಯಸ್ ಇರಲಿ. ಮಣಿಕಟ್ಟಿನ ಒಳಭಾಗಕ್ಕೆ ಹನಿ ಹಾಕಿದರೆ ಹಿತವಾಗಿ ಬೆಚ್ಚಗಿರಬೇಕು, ಸುಡಬಾರದು. ಸುಮಾರು 60 ಡಿಗ್ರಿ ದಾಟಿದರೆ ಯೀಸ್ಟ್ ಸಾಯುತ್ತದೆ. ತಣ್ಣಗಿನ ಹಾಲಾದರೆ ಕೆಲಸ ನಿಧಾನವಾದೀತೇ ಹೊರತು ಕೆಡದು.

ಮಾಡುವ ಕ್ರಮ

1. ನಾದುವುದು: ಅಗಲ ಪಾತ್ರೆಯಲ್ಲಿ ಮೈದಾ, ಸಕ್ಕರೆ, ಯೀಸ್ಟ್, ಏಲಕ್ಕಿ ಬೆರೆಸಿ. ಆಮೇಲೆ ಉಪ್ಪು ಹಾಕಿ. ಹಾಲು, ಮೊಸರು ಸುರಿದು ಒಟ್ಟುಗೂಡಿಸಿ. ಐದು ನಿಮಿಷ ನಾದಿದ ಮೇಲೆ ಬೆಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಇನ್ನೂ ಎಂಟು ಹತ್ತು ನಿಮಿಷ ನಾದಿ. ಬೆಣ್ಣೆ ಸೇರಿದೊಡನೆ ಹಿಟ್ಟು ಕೈಗೆಲ್ಲ ಮೆತ್ತಿಕೊಳ್ಳುತ್ತದೆ. ಇಲ್ಲಿ ಮೈದಾ ಚೆಲ್ಲುವ ಆಸೆಯನ್ನು ತಡೆದುಕೊಳ್ಳಿ. ಅಂಗೈಯಿಂದ ಒತ್ತಿ, ಮಡಚಿ, ಮತ್ತೆ ಒತ್ತುತ್ತ ಹೋದರೆ ಅಂಟು ತಾನಾಗಿ ಬಿಡುತ್ತದೆ. ಹದ ಹೋಳಿಗೆಯ ಕಣಕಕ್ಕಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಮೆದು. ನಿಂಬೆ ಗಾತ್ರದ ಹಿಟ್ಟನ್ನು ನಾಲ್ಕು ಬೆರಳಲ್ಲಿ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಹರಿಯದೆ, ಆಚೆಗಿನ ಬೆಳಕು ಮಸುಕಾಗಿ ಕಾಣುವಷ್ಟು ತೆಳುವಾದರೆ ನಾದಿದ್ದು ಸಾಕು.

2. ಮೊದಲ ಉಬ್ಬು: ಎಣ್ಣೆ ಸವರಿದ ಪಾತ್ರೆಗೆ ಹಾಕಿ, ಒದ್ದೆ ಬಟ್ಟೆ ಮುಚ್ಚಿ, ಎರಡರಷ್ಟಾಗುವವರೆಗೆ ಬಿಡಿ. ಮಂಗಳೂರು, ಕಾರವಾರದ ಸೆಕೆಯಲ್ಲಿ ಒಂದು ಗಂಟೆಯೊಳಗೇ ಆಗುತ್ತದೆ. ಬೆಂಗಳೂರು, ಮಡಿಕೇರಿಯ ಡಿಸೆಂಬರ್ ಚಳಿಯಲ್ಲಿ ಎರಡು ಗಂಟೆಯೂ ಹಿಡಿದೀತು. ಆಗ ಇಡ್ಲಿ ಪಾತ್ರೆಯ ತಳಕ್ಕೆ ಬಿಸಿನೀರು ಹಾಕಿ, ತಟ್ಟೆಯ ಮೇಲೆ ಹಿಟ್ಟಿನ ಬಟ್ಟಲಿಟ್ಟು ಮುಚ್ಚಳ ಹಾಕಿ. ಒಲೆ ಹಚ್ಚಬೇಡಿ. ಗಂಟೆಯ ಲೆಕ್ಕಕ್ಕಿಂತ ಹಿಟ್ಟಿನ ಗಾತ್ರವನ್ನು ನಂಬಿ.

3. ಲಟ್ಟಿಸಿ ಕತ್ತರಿಸುವುದು: ಹಿಟ್ಟನ್ನು ಮೆಲ್ಲಗೆ ಒತ್ತಿ ಗಾಳಿ ತೆಗೆದು, ಒಂದೂ ಕಾಲು ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ. ಏಳೆಂಟು ಸೆಂ.ಮೀ. ಅಗಲದ ಸ್ಟೀಲ್ ಲೋಟದ ಅಂಚಿನಿಂದ ಬಿಲ್ಲೆ ಕತ್ತರಿಸಿ, ತೊಳೆದ ಬಾಟಲಿ ಮುಚ್ಚಳದಿಂದ ನಡುವೆ ತೂತು ಮಾಡಿ. ಲೋಟವನ್ನು ನೇರ ಒತ್ತಿ ನೇರ ಎತ್ತಿ. ತಿರುಚಿದರೆ ಅಂಚು ಅಂಟಿಕೊಂಡು ಒಂದು ಬದಿ ಮಾತ್ರ ಉಬ್ಬುತ್ತದೆ. ತೂತು ಚಂದಕ್ಕಷ್ಟೇ ಅಲ್ಲ: ಅದಿಲ್ಲದಿದ್ದರೆ ಅಂಚು ಕೆಂಪಾಗುವ ಹೊತ್ತಿಗೆ ನಡುಭಾಗ ಹಸಿಯಾಗಿ ಉಳಿಯುತ್ತದೆ.

4. ಎರಡನೇ ಉಬ್ಬು: ಬೇಕಿಂಗ್ ಪೇಪರ್ ಅನ್ನು ಅಂಗೈಯಗಲದ ಚೌಕಗಳಾಗಿ ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಬಿಲ್ಲೆ ಇಡಿ. ಬಟ್ಟೆ ಮುಚ್ಚಿ 30ರಿಂದ 45 ನಿಮಿಷ ಬಿಡಿ. ಬೆರಳಿನಿಂದ ಮೆತ್ತಗೆ ಒತ್ತಿದಾಗ ಕುಳಿ ನಿಧಾನಕ್ಕೆ ಮೇಲೇಳುತ್ತ ಸ್ವಲ್ಪ ಗುರುತು ಉಳಿದರೆ ಕರಿಯುವ ಹದ. ತಟ್ಟನೆ ಪುಟಿದರೆ ಇನ್ನೂ ಬೇಕು. ಕುಳಿ ಹಾಗೇ ನಿಂತುಬಿಟ್ಟರೆ ಹೊತ್ತು ಮೀರಿದೆ, ಕೂಡಲೇ ಕರಿಯಿರಿ.

5. ಕರಿಯುವುದು: ದಪ್ಪ ತಳದ ಬಾಣಲೆಯಲ್ಲಿ ಐದು ಸೆಂ.ಮೀ. ಆಳಕ್ಕೆ ಎಣ್ಣೆ ಹಾಕಿ 175–180 ಡಿಗ್ರಿಗೆ ಕಾಯಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಹಿಟ್ಟಿನ ಚೂರು ಹಾಕಿ ನೋಡಿ: ಗುಳ್ಳೆಯೊಡನೆ ಮೇಲೆದ್ದು, ಸುಮಾರು ಒಂದು ನಿಮಿಷಕ್ಕೆ ಹೊಂಬಣ್ಣವಾಗಬೇಕು. ಬಿದ್ದ ಕ್ಷಣವೇ ಕಪ್ಪಾದರೆ ಉರಿ ಇಳಿಸಿ. ಬಿಲ್ಲೆಯನ್ನು ಕೈಯಿಂದ ಎತ್ತಿದರೆ ಒಳಗಿನ ಗಾಳಿ ಹೋಗುತ್ತದೆ. ಆದ್ದರಿಂದ ಕಾಗದದ ಸಮೇತ ಬಾಣಲೆಯ ಬದಿಯಿಂದ ಜಾರಿಸಿ. ಕೆಲವೇ ಸೆಕೆಂಡಿನಲ್ಲಿ ಕಾಗದ ಬಿಡುತ್ತದೆ, ಚಿಮಟದಿಂದ ಎಳೆದುಕೊಳ್ಳಿ. ಒಮ್ಮೆಗೆ ಮೂರಕ್ಕಿಂತ ಹೆಚ್ಚು ಬೇಡ. ಬದಿಗೊಂದು ನಿಮಿಷದಂತೆ ಒಂದೇ ಸಲ ಮಗುಚಿ. ಸುತ್ತಲೂ ನಡುವಿನಲ್ಲಿ ಬಿಳಿಯ ಪಟ್ಟಿ ಮೂಡಿದ್ದರೆ ಉಬ್ಬು ಸರಿಯಾಗಿತ್ತೆಂದು ಅರ್ಥ. ಹಿಟ್ಟಿಗೆ ಅಂಟಿದ ಒಣ ಮೈದಾವನ್ನು ಮೊದಲೇ ಬ್ರಷ್‌ನಿಂದ ಕೊಡವಿದ್ದರೆ ಎಣ್ಣೆ ಕಪ್ಪಾಗದು. ತೂತಿನಿಂದ ಬಂದ ಸಣ್ಣ ಉಂಡೆಗಳನ್ನು ಕೊನೆಗೆ ಕರಿದು, ಪುಡಿಸಕ್ಕರೆ ಮತ್ತು ದಾಲ್ಚಿನ್ನಿಯಲ್ಲಿ ಹೊರಳಿಸಿ.

ಲೇಪದ ಹದ

ಐಸಿಂಗ್ ಶುಗರ್‌ಗೆ ಬಿಸಿ ಹಾಲು, ಬೆಣ್ಣೆ, ಉಪ್ಪು, ಎಸೆನ್ಸ್ ಹಾಕಿ ಗಂಟಿಲ್ಲದಂತೆ ಕದಡಿ. ಚಮಚದಿಂದ ಸುರಿದ ಲೇಪ ದಾರದಂತೆ ಇಳಿದು, ಬಟ್ಟಲಲ್ಲಿ ಎರಡು ಮೂರು ಸೆಕೆಂಡಿನಲ್ಲಿ ಮರೆಯಾಗಬೇಕು. ಗಟ್ಟಿಯಾದರೆ ಹಾಲನ್ನು ಅರ್ಧರ್ಧ ಚಮಚದಂತೆ ಸೇರಿಸಿ. ಒಮ್ಮೆಗೇ ಸುರಿದರೆ ನೀರಾಗುತ್ತದೆ.

ಡೋನಟ್ ಎಣ್ಣೆಯಿಂದ ಬಂದು ಒಂದೆರಡು ನಿಮಿಷ ಕಳೆದು, ಇನ್ನೂ ಬೆಚ್ಚಗಿರುವಾಗ ಅದ್ದಿದರೆ ಲೇಪ ತೆಳುವಾಗಿ ಹರಡಿ, ಗಾಜಿನ ಹೊಳಪಿನ ಪೊರೆಯಾಗಿ ನಿಲ್ಲುತ್ತದೆ. ಪೂರ್ತಿ ಆರಿದ ಮೇಲೆ ಅದ್ದಿದರೆ ದಪ್ಪ ಬಿಳಿ ಪದರ ಬರುತ್ತದೆ. ಮೇಲೆ ಪಿಸ್ತಾ, ಕೊಬ್ಬರಿ ತುರಿ ಉದುರಿಸುವುದಾದರೆ ಅದೇ ಒಳ್ಳೆಯದು. ಅದ್ದಿದ್ದನ್ನು ತಟ್ಟೆಯಲ್ಲಿಡಬೇಡಿ. ಕೆಳಗೆ ಸಕ್ಕರೆ ಮಡುಗಟ್ಟುತ್ತದೆ. ಕೂಲಿಂಗ್ ರ‍್ಯಾಕ್ ಇಲ್ಲದಿದ್ದರೆ ಫುಲ್ಕಾ ಸುಡುವ ಜಾಲರಿ ಸಾಕು, ಕೆಳಗೊಂದು ತಟ್ಟೆಯಿರಲಿ. ಇಪ್ಪತ್ತು ನಿಮಿಷದಲ್ಲಿ ಬೆರಳಿಗೆ ಅಂಟದಷ್ಟು ಆರುತ್ತದೆ.

ಹಬ್ಬಕ್ಕೆ ಮೂರು ಬಗೆ:

• ಕೇಸರಿ: ಲೇಪದ ಹಾಲಿನಲ್ಲಿ ಹತ್ತಿಪ್ಪತ್ತು ಎಸಳು ಕೇಸರಿ ನೆನೆಸಿ. ವೆನಿಲ್ಲಾ ಬದಲು ಏಲಕ್ಕಿ, ಮೇಲೆ ತೆಳುವಾಗಿ ಕತ್ತರಿಸಿದ ಪಿಸ್ತಾ.
• ಫಿಲ್ಟರ್ ಕಾಫಿ: ಎರಡು ದೊಡ್ಡ ಚಮಚ ಹಾಲಿನ ಬದಲು ಅಷ್ಟೇ ಗಟ್ಟಿ ಡಿಕಾಕ್ಷನ್. ಸಿಹಿಯ ಮೊಂಡುತನವನ್ನು ಕಾಫಿಯ ಕಹಿ ಮುರಿಯುತ್ತದೆ. ಇಲ್ಲಿ ಚಿಟಿಕೆ ಉಪ್ಪನ್ನು ಮರೆಯಬೇಡಿ.
• ಬೆಲ್ಲ: 150 ಗ್ರಾಂ ಬೆಲ್ಲವನ್ನು ಮೂರು ದೊಡ್ಡ ಚಮಚ ನೀರಿನಲ್ಲಿ ಕರಗಿಸಿ, ಸೋಸಿ, ಒಂದು ಕುದಿ ಬರಿಸಿ. ಇಳಿಸಿ ಎರಡು ಚಮಚ ಬೆಣ್ಣೆ, 150 ಗ್ರಾಂ ಐಸಿಂಗ್ ಶುಗರ್ ಬೆರೆಸಿ. ಹಾಲು ಹಾಕಬೇಡಿ, ಬಿಸಿ ಬೆಲ್ಲಕ್ಕೆ ಹಾಲು ಒಡೆಯುವ ಸಂಭವವಿದೆ. ಈ ಲೇಪ ಬೇಗ ಬಿಗಿಯುತ್ತದೆ, ಬೆಚ್ಚಗಿರುವಾಗಲೇ ಅದ್ದಿ.

ಸಂಜೆ 5ಕ್ಕೆ ಬಡಿಸಬೇಕಾದರೆ

• 12.30 – ಹಿಟ್ಟು ನಾದಲು ಶುರು
• 12.50 – ಮೊದಲ ಉಬ್ಬಿಗೆ ಬಿಡುವುದು
• 2.10 – ಲಟ್ಟಿಸಿ ಕತ್ತರಿಸುವುದು
• 2.30 – ಎರಡನೇ ಉಬ್ಬು
• 3.00 – ಎಣ್ಣೆ ಒಲೆಗೆ, ಲೇಪ ಸಿದ್ಧ
• 3.10 – ಕರಿಯುವುದು, ಬೆನ್ನಿಗೇ ಅದ್ದುವುದು
• 4.15 – ಎಲ್ಲವೂ ಜಾಲರಿಯ ಮೇಲೆ

ಹಬ್ಬದ ದಿನ ಪೂಜೆ, ಅಡುಗೆಯ ನಡುವೆ ನಾದಲು ಬಿಡುವಿಲ್ಲದಿದ್ದರೆ ಹಿಂದಿನ ರಾತ್ರಿ ನಾದಿ, ಮುಚ್ಚಿ ಫ್ರಿಜ್‌ನಲ್ಲಿಡಿ. 8ರಿಂದ 12 ತಾಸಿನಲ್ಲಿ ಹಿಟ್ಟು ನಿಧಾನವಾಗಿ ಉಬ್ಬುತ್ತದೆ, ರುಚಿಯೂ ಕೂಡುತ್ತದೆ. ತಣ್ಣಗಿನ ಹಿಟ್ಟನ್ನು ಲಟ್ಟಿಸುವುದೂ ಸುಲಭ. ಎರಡನೇ ಉಬ್ಬಿಗೆ ಮಾತ್ರ ಒಂದು ಗಂಟೆಗೂ ಹೆಚ್ಚು ಕೊಡಿ.

ಎಲ್ಲಿ ಏನು ತಪ್ಪುತ್ತದೆ?

• ಎಣ್ಣೆ ಕುಡಿದಿದ್ದರೆ: ಎಣ್ಣೆ ಸಾಕಷ್ಟು ಕಾದಿರಲಿಲ್ಲ, ಅಥವಾ ಹಿಟ್ಟು ಅತಿಯಾಗಿ ಉಬ್ಬಿತ್ತು.
• ಹೊರಗೆ ಕೆಂಪು, ಒಳಗೆ ಹಸಿ: ಉರಿ ಹೆಚ್ಚು. ಹಿಟ್ಟಿನಲ್ಲಿರುವ ಸಕ್ಕರೆ ಬೇಗ ಬಣ್ಣ ತಿರುಗುತ್ತದೆ.
• ಗಟ್ಟಿ, ಭಾರ: ನಾದುವಾಗ ಮೈದಾ ಹೆಚ್ಚು ಬಿದ್ದಿದೆ.
• ಲೇಪ ಜಾರಿಹೋದರೆ: ಡೋನಟ್ ತೀರಾ ಬಿಸಿಯಿತ್ತು, ಇಲ್ಲವೇ ಹಾಲು ಹೆಚ್ಚಾಯಿತು.
• ಲೇಪ ಅಂಟಂಟಾದರೆ: ಗಾಳಿಯ ತೇವವನ್ನು ಸಕ್ಕರೆ ಹೀರಿಕೊಂಡಿದೆ. ಮಲೆನಾಡಿನ ಮಳೆಗಾಲದಲ್ಲಿ ಬಡಿಸುವ ಅರ್ಧ ಗಂಟೆ ಮೊದಲಷ್ಟೇ ಅದ್ದಿ.

ಕರಿದದ್ದು ಬೇಡವೆಂದರೆ 180 ಡಿಗ್ರಿಯ ಓವನ್‌ನಲ್ಲಿ 10–12 ನಿಮಿಷ ಬೇಯಿಸಿ, ಬಿಸಿಯಲ್ಲೇ ಬೆಣ್ಣೆ ಸವರಿ ಅದ್ದಬಹುದು. ರುಚಿಯಾಗಿರುತ್ತದೆ, ಆದರೆ ಅದು ಡೋನಟ್‌ಗಿಂತ ಸಿಹಿ ಬನ್‌ಗೆ ಹತ್ತಿರ.

ಹೊರನಾಡಿನ ಹಬ್ಬಗಳಲ್ಲಿ

ಕರಿದ ಸಿಹಿ ಹಿಟ್ಟು ಹಲವು ದೇಶಗಳಲ್ಲಿ ಹಬ್ಬದ ತಿಂಡಿಯೇ. ಯೆಹೂದಿಗಳು ಹನುಕ್ಕಾದಲ್ಲಿ ದೇವಾಲಯದ ದೀಪದೆಣ್ಣೆಯ ಪವಾಡದ ನೆನಪಿಗೆ ಎಣ್ಣೆಯಲ್ಲಿ ಕರಿದದ್ದನ್ನು ತಿನ್ನುತ್ತಾರೆ. ಜಾಮ್ ತುಂಬಿದ ಸುಫ್ಗನಿಯೋತ್ ಇಸ್ರೇಲ್‌ನಲ್ಲಿ ಆ ದಿನಗಳ ಮುಖ್ಯ ತಿಂಡಿ. ಪೋಲೆಂಡ್‌ನಲ್ಲಿ ಲೆಂಟ್ ಉಪವಾಸಕ್ಕೆ ಮುಂಚಿನ ಗುರುವಾರ ಪೊಂಚ್ಕಿ ಎಂಬ ಡೋನಟ್ ತಿನ್ನುವ ದಿನ. ಉಪವಾಸಕ್ಕೆ ಮೊದಲು ಮನೆಯ ಕೊಬ್ಬು, ಮೊಟ್ಟೆ, ಸಕ್ಕರೆ ಖರ್ಚಾಗಲೆಂಬ ಹಳೆಯ ರೂಢಿ ಅದು. ಅಮೆರಿಕದಲ್ಲಿ ಜೂನ್‌ನ ಮೊದಲ ಶುಕ್ರವಾರ ಡೋನಟ್ ದಿನ. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಡೋನಟ್ ಕರಿದುಕೊಟ್ಟ ಸಾಲ್ವೇಶನ್ ಆರ್ಮಿಯ ಮಹಿಳೆಯರ ಗೌರವಕ್ಕೆ ಇದನ್ನು 1938ರಲ್ಲಿ ಶಿಕಾಗೋದಲ್ಲಿ ಶುರುಮಾಡಿದರು.

ಉಳಿದದ್ದು, ಒಯ್ಯುವುದು

ಬೆಚ್ಚಗಿನ ಡೋನಟ್ ಮೇಲೆ ಮುಚ್ಚಳ ಬಿಗಿದರೆ ಒಳಗಿನ ಹಬೆಗೆ ಲೇಪ ಕರಗುತ್ತದೆ. ಪೂರ್ತಿ ಆರಿದ ಮೇಲೆ ಸಡಿಲವಾಗಿ ಮುಚ್ಚಿ, ಹೊರಗೇ ಇಡಿ. ಫ್ರಿಜ್‌ನಲ್ಲಿ ಬ್ರೆಡ್‌ನಂತೆಯೇ ಇದೂ ಬೇಗ ಬಿರುಸಾಗುತ್ತದೆ. ಮರುದಿನಕ್ಕೆ ಉಳಿದರೆ ಮೈಕ್ರೋವೇವ್‌ನಲ್ಲಿ ಎಂಟು ಹತ್ತು ಸೆಕೆಂಡ್ ಸಾಕು. ಲೇಪವಿಲ್ಲದ್ದನ್ನು ಫ್ರೀಜರ್‌ನಲ್ಲಿ ತಿಂಗಳವರೆಗೆ ಇಡಬಹುದು.

ತಂಗಿಯ ಮನೆಗೋ ತವರಿಗೋ ಒಯ್ಯುವುದಾದರೆ ಬರಿಯ ಡೋನಟ್‌ಗಳನ್ನು ಒಂದು ಡಬ್ಬಿಗೆ, ಲೇಪವನ್ನು ಇನ್ನೊಂದಕ್ಕೆ ಹಾಕಿಕೊಳ್ಳಿ. ಹೋದ ಮೇಲೆ ಲೇಪದ ಡಬ್ಬಿಯನ್ನು ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟು ಕದಡಿದರೆ ಮತ್ತೆ ಹದಕ್ಕೆ ಬರುತ್ತದೆ. ಅದ್ದುವ ಕೆಲಸವನ್ನು ಆ ಮನೆಯ ಮಕ್ಕಳಿಗೇ ಬಿಡಿ. ಎಣ್ಣೆಯ ಅಪಾಯವಿಲ್ಲದ ಹಂತ ಅದು, ಡೋನಟ್‌ನ ಒಳ್ಳೆಯ ಐದಾರು ತಾಸು ಶುರುವಾಗುವುದೂ ಅಲ್ಲಿಂದಲೇ.