ಬೋರ್ಡ್ ಜೋಡಣೆಯ ಖರ್ಚು ಎಲ್ಲಿ ಅಡಗಿದೆ?

ಪಂಪ್‌ಸೆಟ್ ನಿಯಂತ್ರಕದ 50 ಸರ್ಕ್ಯೂಟ್ ಬೋರ್ಡುಗಳ ಜೋಡಣೆಗೆ ಬಂದ ದರ ಬಿಡಿಭಾಗಗಳ ಬೆಲೆಯನ್ನೂ ಮೀರಿದೆಯೆಂಬ ಈ ಪ್ರಶ್ನೆ ಕೇಳಿದವರ ಅಳಲು ಸಹಜವೇ ಆದರೂ, ಇಷ್ಟು ಸಣ್ಣ ಸಂಖ್ಯೆಯಲ್ಲಿ ಆ ದರದ ಮೂಲ ಕೂಲಿಗಿಂತ ಹೆಚ್ಚಾಗಿ ಪೂರ್ವಸಿದ್ಧತೆಯಲ್ಲಿರುತ್ತದೆ. ಬೆಸುಗೆಯ ಪೇಸ್ಟನ್ನು ಬೇಕಾದಲ್ಲಿ ಮಾತ್ರ ಹಚ್ಚಲು ತೂತು ಕೊರೆದ ಉಕ್ಕಿನ ತಗಡಾದ ಸ್ಟೆನ್ಸಿಲ್, ಭಾಗಗಳನ್ನು ಎತ್ತಿಡುವ ಯಂತ್ರದ ಪ್ರೋಗ್ರಾಂ, ಅದಕ್ಕೆ ಭಾಗಗಳನ್ನು ಒಂದೊಂದಾಗಿ ಒದಗಿಸುವ ಫೀಡರ್‌ಗಳ ಅಳವಡಿಕೆ, ಇವುಗಳ ವೆಚ್ಚ ಬೋರ್ಡುಗಳು ಎಷ್ಟೇ ಇದ್ದರೂ ಬಹುತೇಕ ಒಂದೇ. ಅದು 10,000 ರೂಪಾಯಿ ಎಂದಿಟ್ಟುಕೊಂಡರೆ 50 ಬೋರ್ಡುಗಳಿಗೆ ತಲಾ 200, 500ಕ್ಕೆ ತಲಾ 20 ರೂಪಾಯಿ ಬೀಳುತ್ತದೆ.

ಪ್ರತಿಯೊಂದು ಬಗೆಯ ಭಾಗಕ್ಕೂ ಪ್ರತ್ಯೇಕ ಫೀಡರ್ ಬೇಕಾಗುವುದರಿಂದ, ಭಾಗಗಳ ಒಟ್ಟು ಸಂಖ್ಯೆಯಷ್ಟೇ ಅವುಗಳ ವೈವಿಧ್ಯವೂ ದುಬಾರಿ. ಸಿಗ್ನಲ್ ತಂತಿಯನ್ನು ನಿಶ್ಚಿತ ವೋಲ್ಟೇಜಿಗೆ ಎಳೆದಿಡುವ ಪುಲ್‌ಅಪ್ ರೆಸಿಸ್ಟರ್ ಒಂದೆಡೆ 4.7, ಇನ್ನೊಂದೆಡೆ 10 ಕಿಲೋಓಮ್ ಇರುವುದು ಅನೇಕ ವೇಳೆ ವಿನ್ಯಾಸಕಾರರ ರೂಢಿಯೇ ಹೊರತು ಅಗತ್ಯವಲ್ಲ. ಭಾಗಗಳನ್ನೆಲ್ಲ ಒಂದೇ ಬದಿಗೆ ತಂದರೆ ಎರಡನೆಯ ಸ್ಟೆನ್ಸಿಲ್ಲೂ ಬೆಸುಗೆಯ ಎರಡನೆಯ ಸುತ್ತೂ ತಪ್ಪುತ್ತವೆ. ಕಾಲುಗಳನ್ನು ತೂತಿಗೆ ಇಳಿಸುವ ರಿಲೇ, ಟರ್ಮಿನಲ್‌ಗಳಿಗೆ ಕೈಕೆಲಸ ಹೆಚ್ಚು, ಆದರೆ ಪಂಪಿನ ವಿದ್ಯುತ್ತನ್ನು ತಾಳುವ ಅವುಗಳನ್ನು ಕೈಬಿಡುವಂತಿಲ್ಲ.

ಪರೀಕ್ಷೆಯಲ್ಲಿ ಉಳಿತಾಯ ಸಲ್ಲದು: ಹೊಲದಲ್ಲಿ ಕೆಟ್ಟ ಒಂದು ಬೋರ್ಡನ್ನು ಬದಲಿಸಲು ಹೋಗಿಬರುವ ಖರ್ಚೇ ಆ ಉಳಿತಾಯವನ್ನು ನುಂಗಬಲ್ಲದು. ಮುಂದಿನ ದರ ಕೇಳುವ ಮೊದಲು ಪ್ರಶ್ನೆ ಕೇಳಿದವರು ಭಾಗಗಳ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಒಪ್ಪಬಹುದಾದ ಬದಲಿಯನ್ನು ಬರೆದು, ಪೂರ್ವಸಿದ್ಧತೆಯ ಶುಲ್ಕವನ್ನು ಪ್ರತ್ಯೇಕವಾಗಿ ತೋರಿಸುವಂತೆ ಜೋಡಣೆಗಾರರನ್ನು ಕೋರಬೇಕು.